ಅಂಕಿ ಕಂಡ ಕೂಡಲೇ ಸರಾಸರಿ ಬೇಡ: ದತ್ತಾಂಶದ ಬಗೆ ಮತ್ತು ಅಳತೆಯ ಮಟ್ಟ ಗುರುತಿಸುವ ಕ್ರಮ

ಬೆಂಗಳೂರಿನ ಪಿನ್ ಕೋಡ್ 560001, ಧಾರವಾಡದ್ದು 580001. ಎರಡನ್ನೂ ಎಕ್ಸೆಲ್‌ನಲ್ಲಿ ಬರೆದು ಆಯ್ಕೆ ಮಾಡಿದರೆ, ಕೇಳದಿದ್ದರೂ ಕೆಳಗಿನ ಪಟ್ಟಿಯಲ್ಲಿ ಸರಾಸರಿ ಮೂಡುತ್ತದೆ: 570001. ಅದು ಮೈಸೂರು. ಬೆಂಗಳೂರು, ಧಾರವಾಡಗಳ ಸರಾಸರಿ ಮೈಸೂರು ಎಂದು ಯಾರೂ ಹೇಳಲಾರರು. ಆದರೂ ಇದೇ ತಪ್ಪು ಬೇರೆ ವೇಷ ಹಾಕಿಕೊಂಡು ಪದವಿ ತರಗತಿಯ ಪ್ರಾಜೆಕ್ಟ್ ವರದಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಕೂಡಿ ಭಾಗಿಸುವುದನ್ನು ಯಂತ್ರ ಮಾಡುತ್ತದೆ. ಕೂಡಬಹುದೇ, ಭಾಗಿಸಬಹುದೇ ಎಂಬುದನ್ನು ನಾವೇ ತೀರ್ಮಾನಿಸಬೇಕು.

ತೀರ್ಮಾನಕ್ಕೆ ಬೇಕಾದ ಚೌಕಟ್ಟನ್ನು ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಸ್ಮಿತ್ ಸ್ಟೀವನ್ಸ್ 1946ರಲ್ಲಿ ಕೊಟ್ಟರು. ಅಳತೆಗೆ ನಾಲ್ಕು ಮಟ್ಟಗಳು: ನಾಮಸೂಚಕ, ಕ್ರಮಸೂಚಕ, ಅಂತರ, ಅನುಪಾತ. ತರಗತಿಯಲ್ಲಿ ಇವನ್ನೇ ನಾಮಿನಲ್, ಆರ್ಡಿನಲ್, ಇಂಟರ್ವಲ್, ರೇಶಿಯೋ ಎನ್ನುತ್ತಾರೆ. ವ್ಯಾಖ್ಯೆಗಳನ್ನು ಬಾಯಿಪಾಠ ಮಾಡುವುದು ಸುಲಭ, ಎದುರಿಗಿರುವ ಕಾಲಂಗೆ ಅನ್ವಯಿಸುವಾಗಲೇ ತೊಡಕು. ಆದ್ದರಿಂದ ಒಂದು ಉದಾಹರಣೆಯನ್ನು ಹಿಡಿದೇ ಹೋಗೋಣ.

ರಾಗಿ ಬೆಳೆಯುವ ಹಳ್ಳಿಯೊಂದರಲ್ಲಿ ಸಮೀಕ್ಷೆ ಮಾಡಿದ್ದೀರಿ ಎಂದಿಟ್ಟುಕೊಳ್ಳಿ. ಷೀಟಿನ ಕಾಲಂಗಳು ಇವು: ಕ್ರಮಸಂಖ್ಯೆ, ಸರ್ವೆ ನಂಬರ್, ಲಿಂಗ, ರಾಗಿ ತಳಿ, ಹಿಡುವಳಿ, ದನಗಳ ಸಂಖ್ಯೆ, ಬಿತ್ತನೆ ದಿನಾಂಕ, ಮಣ್ಣಿನ ರಸಸಾರ, ಸಾರಜನಕದ ವರ್ಗ, ಎಕರೆಗೆ ಇಳುವರಿ, ಗೊಬ್ಬರ ಪೂರೈಕೆಯ ಬಗ್ಗೆ ಅಭಿಪ್ರಾಯ.

ಹಂತ 1: ಒಂದು ಸಾಲು ಎಂದರೆ ಏನು?

ಕಾಲಂಗಳಿಗೆ ಕೈಹಾಕುವ ಮೊದಲು ಇದನ್ನು ಬರೆದಿಡಿ. ಒಂದು ಸಾಲು ಒಬ್ಬ ರೈತರೋ, ಒಂದು ಜಮೀನೋ? ಒಬ್ಬರಿಗೆ ಮೂರು ತುಂಡು ಜಮೀನಿದ್ದು ಸಾಲು ಜಮೀನಿನದಾದರೆ, ಅವರ ದನಗಳ ಸಂಖ್ಯೆ ಮೂರು ಸಾಲುಗಳಲ್ಲಿ ಮೂರು ಸಲ ಬರುತ್ತದೆ. ಹಾಗೇ ಕೂಡಿದರೆ ಊರಿನ ದನಗಳು ಕಾಗದದ ಮೇಲೆಯೇ ಹೆಚ್ಚುತ್ತವೆ. ಮಟ್ಟ ಸರಿಯಾಗಿ ಗುರುತಿಸಿಯೂ ಉತ್ತರ ತಪ್ಪುವುದು ಬಹುಪಾಲು ಇಲ್ಲೇ.

ಹಂತ 2: ಗುಣವೋ, ಪರಿಮಾಣವೋ?

ಪ್ರತಿ ಕಾಲಂಗೂ ಕೇಳಿ: ಇದು 'ಎಂಥದ್ದು' ಎಂಬುದಕ್ಕೆ ಉತ್ತರವೋ, 'ಎಷ್ಟು' ಎಂಬುದಕ್ಕೋ? ಎಂಥದ್ದು ಎಂದರೆ ಗುಣಾತ್ಮಕ, ಎಷ್ಟು ಎಂದರೆ ಪರಿಮಾಣಾತ್ಮಕ. ಅಂಕಿಗಳಿವೆ ಎಂದ ಮಾತ್ರಕ್ಕೆ ಪರಿಮಾಣಾತ್ಮಕ ಆಗುವುದಿಲ್ಲ. ತಳಿ ಕಾಲಂನಲ್ಲಿ ಜಿಪಿಯು-28, ಎಂಎಲ್-365 ಎಂದಿರುತ್ತದೆ. 365 ಎಂಬುದು 28ಕ್ಕಿಂತ ದೊಡ್ಡದೇನೂ ಅಲ್ಲ, ಎರಡೂ ಹೆಸರಿನ ಭಾಗ. ಲಿಂಗದ ಕಾಲಂನಲ್ಲಿ 2011ರ ಜನಗಣತಿಯಂತೆ ಗಂಡು 1, ಹೆಣ್ಣು 2, ಇತರೆ 3 ಎಂದು ಬರೆದಿದ್ದರೆ ಅವೂ ಹೆಸರಿನ ಬದಲಿಗೆ ಇಟ್ಟ ಗುರುತುಗಳೇ.

ಒಂದು ಸುಲಭ ಪರೀಕ್ಷೆ: ಅಂಕಿಗಳನ್ನು ಅದಲುಬದಲು ಮಾಡಿ ನೋಡಿ. ಹೆಣ್ಣು 1, ಗಂಡು 2 ಎಂದರೂ ಮಾಹಿತಿಗೆ ಏನೂ ಊನವಾಗುವುದಿಲ್ಲ, ಹಾಗಾಗಿ ಅದು ಗುಣಾತ್ಮಕ. ದನಗಳ ಕಾಲಂನಲ್ಲಿ 2 ಇದ್ದಲ್ಲಿ 6, 6 ಇದ್ದಲ್ಲಿ 2 ಎಂದು ಬರೆದರೆ ಸುಳ್ಳಾಗುತ್ತದೆ.

ಸರ್ವೆ ನಂಬರ್ ಬಗ್ಗೆ ಬೇರೆಯೇ ಎಚ್ಚರ ಬೇಕು. ಎಕ್ಸೆಲ್‌ನಲ್ಲಿ 5/2 ಎಂದು ಹೊಡೆದರೆ ಅದನ್ನು ದಿನಾಂಕ ಎಂದುಕೊಂಡುಬಿಡುತ್ತದೆ. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ನೋಡಿಕೊಂಡು ಫೆಬ್ರವರಿ 5 ಅಥವಾ ಮೇ 2 ಆಗುತ್ತದೆ. ಆಮೇಲೆ ಕಾಲಂ ಅನ್ನು 'ಟೆಕ್ಸ್ಟ್' ಮಾಡಿದರೆ 5/2 ಮರಳಿ ಬರುವುದಿಲ್ಲ, ಯಾವುದೋ ಐದಂಕಿಯ ಸಂಖ್ಯೆ ಕಾಣಿಸುತ್ತದೆ. ಹೀಗಾಗಿ ಟೈಪ್ ಮಾಡುವ ಮೊದಲೇ ಆ ಕಾಲಂ ಅನ್ನು ಟೆಕ್ಸ್ಟ್‌ಗೆ ಬದಲಿಸಿ.

ಹಂತ 3: ಎಣಿಕೆಯೋ, ಅಳತೆಯೋ?

ಪರಿಮಾಣಾತ್ಮಕ ಎಂದು ತೀರ್ಮಾನವಾದ ಕಾಲಂಗಳನ್ನು ಮತ್ತೆ ಎರಡು ಗುಂಪು ಮಾಡಿ. ಎಣಿಸಿ ಬಂದದ್ದು ವಿಚ್ಛಿನ್ನ, ಅಳೆದು ಬಂದದ್ದು ಅವಿಚ್ಛಿನ್ನ. ದನಗಳು 2 ಅಥವಾ 3, ನಡುವೆ ಏನೂ ಇಲ್ಲ. ಇಳುವರಿ 9 ಮತ್ತು 10 ಕ್ವಿಂಟಾಲ್‌ಗಳ ನಡುವೆ ಎಷ್ಟು ಬೇಕಾದರೂ ಇರಬಹುದು. ವಯಸ್ಸನ್ನು ಪೂರ್ಣ ವರ್ಷಗಳಲ್ಲಿ ಬರೆದಿದ್ದರೂ ಅದು ಅವಿಚ್ಛಿನ್ನವೇ, ನಾವು ಕೆಳಕ್ಕೆ ಸರಿಹೊಂದಿಸಿ ಬರೆದಿದ್ದೇವೆ ಅಷ್ಟೆ. ದನಗಳ ಸರಾಸರಿ 2.4 ಬಂದರೆ ಗಾಬರಿ ಬೇಡ. ಒಂದೊಂದು ಮನೆಯ ಎಣಿಕೆ ಪೂರ್ಣಾಂಕವಾಗಿರಬೇಕೇ ಹೊರತು ಸರಾಸರಿಗೆ ಆ ಕಟ್ಟುಪಾಡಿಲ್ಲ.

ಈ ವಿಂಗಡಣೆಯ ಉಪಯೋಗ ಚಿತ್ರ ಬರೆಯುವಾಗ ಕಾಣುತ್ತದೆ. ವಿಚ್ಛಿನ್ನಕ್ಕೆ ಕಂಬಗಳ ನಡುವೆ ಜಾಗ ಬಿಟ್ಟ ಸ್ತಂಭಾಲೇಖ, ಅವಿಚ್ಛಿನ್ನಕ್ಕೆ ಕಂಬಗಳು ಅಂಟಿಕೊಂಡ ಹಿಸ್ಟೋಗ್ರಾಂ.

ಹಿಡುವಳಿಯ ಕಾಲಂ ಅವಿಚ್ಛಿನ್ನ, ಅದರಲ್ಲಿ ಅನುಮಾನವಿಲ್ಲ. ಆದರೆ ನಮ್ಮ ಕಡೆ ಈ ಕಾಲಂನಷ್ಟು ಮೋಸ ಮಾಡುವುದು ಇನ್ನೊಂದಿಲ್ಲ. ಪಹಣಿಯಲ್ಲಿ 2.20 ಎಂದಿದ್ದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ನಿಜವಾದ ದಶಮಾಂಶ ಬೆಲೆ 2.5. ಮೂರು ಜಮೀನು ತೆಗೆದುಕೊಳ್ಳಿ: 1.30, 2.20, 0.38. ಇವನ್ನು ದಶಮಾಂಶವೆಂದೇ ಕೂಡಿ ಮೂರರಿಂದ ಭಾಗಿಸಿದರೆ 1.29. ಸರಿಯಾದ ಬೆಲೆಗಳು 1.75, 2.5, 0.95. ಸರಾಸರಿ 1.73 ಎಕರೆ, ಅಂದರೆ ಒಂದು ಎಕರೆ 29 ಗುಂಟೆ ಮೇಲೆ ಸ್ವಲ್ಪ. ಅಳತೆಯ ಮಟ್ಟ ಸರಿಯಿದೆ, ಸೂತ್ರ ಸರಿಯಿದೆ, ಚುಕ್ಕಿ ಮಾತ್ರ ದಶಮಾಂಶದ್ದಲ್ಲ. ಎಕರೆಗೊಂದು, ಗುಂಟೆಗೊಂದು ಕಾಲಂ ಇಟ್ಟು, ಮೂರನೆಯದರಲ್ಲಿ 'ಎಕರೆ + ಗುಂಟೆ ÷ 40' ಎಂದು ಲೆಕ್ಕ ಹಾಕಿಸಿ.

ಹಂತ 4: ಮೂರು ಪ್ರಶ್ನೆ, ನಾಲ್ಕು ಮಟ್ಟ

ಕೆಳಗಿನ ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿ. 'ಇಲ್ಲ' ಎಂದು ಬಂದಲ್ಲಿ ನಿಲ್ಲಿ.

ಮೊದಲನೆಯದು, ಬೆಲೆಗಳಿಗೆ ಒಪ್ಪಿತವಾದ ಏರಿಳಿತದ ಕ್ರಮ ಇದೆಯೇ? ಇಲ್ಲವಾದರೆ ನಾಮಸೂಚಕ. ಸರ್ವೆ ನಂಬರ್, ಲಿಂಗ, ತಳಿ ಇಲ್ಲಿಗೆ ಮುಗಿದವು. ಕ್ರಮಸಂಖ್ಯೆಯೂ ಇಲ್ಲೇ. ಹೆಸರಿನಲ್ಲಿ 'ಕ್ರಮ' ಇದ್ದರೂ ನೀವು ಯಾರ ಮನೆಗೆ ಮೊದಲು ಹೋದಿರಿ ಎಂಬುದನ್ನಷ್ಟೇ ಅದು ಹೇಳುತ್ತದೆ.

ಎರಡನೆಯದು, ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಇರುವ ಎತ್ತರ ಎಲ್ಲ ಕಡೆಯೂ ಸಮವೇ? ಅಲ್ಲದಿದ್ದರೆ ಅಥವಾ ಹೇಳಲು ಬಾರದಿದ್ದರೆ ಕ್ರಮಸೂಚಕ. ಸಾರಜನಕದ ವರ್ಗ ಇದಕ್ಕೆ ಒಳ್ಳೆಯ ಉದಾಹರಣೆ. ಮಣ್ಣು ಪರೀಕ್ಷೆಯ ಸಾಮಾನ್ಯ ವರ್ಗೀಕರಣದಲ್ಲಿ ಲಭ್ಯ ಸಾರಜನಕ ಹೆಕ್ಟೇರಿಗೆ 280 ಕಿಲೋಗಿಂತ ಕೆಳಗಿದ್ದರೆ 'ಕಡಿಮೆ', 280ರಿಂದ 560ರವರೆಗೆ 'ಮಧ್ಯಮ', ಅದಕ್ಕೂ ಮೇಲೆ 'ಅಧಿಕ'. 275 ಮತ್ತು 285 ಬೇರೆ ಬೇರೆ ವರ್ಗಕ್ಕೆ ಹೋಗುತ್ತವೆ, 285 ಮತ್ತು 555 ಒಂದೇ ವರ್ಗದಲ್ಲಿ ಕೂರುತ್ತವೆ. ಕೃಷಿ ಗಣತಿಯ ಹಿಡುವಳಿ ವರ್ಗಗಳೂ ಹೀಗೆಯೇ: ಒಂದು ಹೆಕ್ಟೇರಿಗಿಂತ ಕಡಿಮೆ ಅತಿ ಸಣ್ಣ, 1ರಿಂದ 2 ಸಣ್ಣ, 2ರಿಂದ 4 ಅರೆ ಮಧ್ಯಮ, 4ರಿಂದ 10 ಮಧ್ಯಮ, ಅದರ ಮೇಲೆ ದೊಡ್ಡ. ಕ್ರಮ ಸ್ಪಷ್ಟ, ಮೆಟ್ಟಿಲುಗಳು ಮಾತ್ರ ಒಂದೊಂದು ಅಳತೆಯವು.

ಮೂರನೆಯದು, ಸೊನ್ನೆ ಎಂದರೆ 'ಏನೂ ಇಲ್ಲ' ಎಂದೇ? ಅಲ್ಲವಾದರೆ ಅಂತರ ಮಾಪಕ, ಹೌದಾದರೆ ಅನುಪಾತ ಮಾಪಕ. ದನ ಸೊನ್ನೆ ಎಂದರೆ ಕೊಟ್ಟಿಗೆ ಖಾಲಿ. ಇಳುವರಿ ಸೊನ್ನೆ ಎಂದರೆ ಕಣಕ್ಕೆ ಏನೂ ಬರಲಿಲ್ಲ. ಇವೆರಡೂ, ಹಿಡುವಳಿಯೂ ಅನುಪಾತ ಮಾಪಕ.

ಅಂತರ ಮತ್ತು ಅನುಪಾತದ ಗೊಂದಲ ಬಿಡಿಸುವುದು

ವಿದ್ಯಾರ್ಥಿಗಳು ಹೆಚ್ಚು ಎಡವುವುದು ಈ ಎರಡರ ನಡುವೆ. ನಿಜವಾದ ಸೊನ್ನೆ ಎಂದು ಎಷ್ಟು ಹೇಳಿದರೂ ತಲೆಗೆ ಹತ್ತದಿದ್ದರೆ ಮಾನ ಬದಲಿಸಿ ನೋಡುವುದೇ ಸರಿ.

ಇಸವಿಯನ್ನು ತೆಗೆದುಕೊಳ್ಳಿ. ಕ್ರಿ.ಶ. 2000 ಎಂಬುದು 1000ದ ಎರಡರಷ್ಟು ಎಂದು ಅಂಕಿ ಹೇಳುತ್ತದೆ. ಅದೇ ವರ್ಷಗಳನ್ನು ಶಕ ವರ್ಷಕ್ಕೆ ತನ್ನಿ, 78 ಕಳೆದರೆ 1922 ಮತ್ತು 922. ಈಗ ಭಾಗಿಸಿದರೆ ಸುಮಾರು 2.08. ಕಾಲ ಬದಲಾಗಿಲ್ಲ, ಎಣಿಕೆ ಶುರುವಾದ ಜಾಗ ಬದಲಾಗಿದೆ, ಅನುಪಾತ ಕೆಟ್ಟಿತು. ವ್ಯತ್ಯಾಸ ಮಾತ್ರ ಎರಡರಲ್ಲೂ 1000 ವರ್ಷವೇ. ವ್ಯತ್ಯಾಸ ಉಳಿದು ಅನುಪಾತ ಕೆಡುವುದೇ ಅಂತರ ಮಾಪಕದ ಗುರುತು. ಸರ್ವೆ ನಂಬರ್ ಬದಲು ಕಂಡ ಆ ಐದಂಕಿಯ ಸಂಖ್ಯೆಯೂ ಇದೇ ಜಾತಿ. ಎಕ್ಸೆಲ್ 1900ರ ಜನವರಿ 1ನ್ನು 1 ಎಂದು ಹಿಡಿದು ದಿನ ಎಣಿಸುತ್ತದೆ. 1904ರಿಂದ ಎಣಿಸುವ ಇನ್ನೊಂದು ಪದ್ಧತಿಯೂ ಅದರಲ್ಲಿದೆ, ಎರಡಕ್ಕೂ 1462 ದಿನಗಳ ವ್ಯತ್ಯಾಸ.

ಉಷ್ಣಾಂಶಕ್ಕೂ ಇದೇ ಪರೀಕ್ಷೆ. 40 ಡಿಗ್ರಿ ಸೆಲ್ಸಿಯಸ್ 20ರ ಎರಡು ಪಟ್ಟು ಬಿಸಿಯೇ? ಫ್ಯಾರನ್‌ಹೀಟ್‌ನಲ್ಲಿ ಅವು 104 ಮತ್ತು 68, ಅನುಪಾತ 1.53. ಕೆಲ್ವಿನ್‌ನಲ್ಲಿ 313.15 ಮತ್ತು 293.15, ಅನುಪಾತ 1.07. ಕೆಲ್ವಿನ್‌ನ ಸೊನ್ನೆ ನಿಜವಾದ ಸೊನ್ನೆ, ಆದ್ದರಿಂದ ಅದೊಂದೇ ಇಲ್ಲಿ ಅನುಪಾತ ಮಾಪಕ. ಇಳುವರಿಯನ್ನು ಕ್ವಿಂಟಾಲಿನಿಂದ ಕಿಲೋಗೆ ತಂದು ನೋಡಿ: 12 ಮತ್ತು 6 ಹೋಗಿ 1200 ಮತ್ತು 600 ಆಗುತ್ತವೆ, ಎರಡರಷ್ಟು ಎಂಬುದು ಎರಡರಷ್ಟಾಗಿಯೇ ಉಳಿಯುತ್ತದೆ.

ಬಿತ್ತನೆ ದಿನಾಂಕ ಹಾಗಾದರೆ ಅಂತರ ಮಾಪಕ. ಆದರೆ ಕೊಯ್ಲಿನ ದಿನಾಂಕದಿಂದ ಅದನ್ನು ಕಳೆದರೆ ಸಿಗುವ 'ಬೆಳೆಯ ಅವಧಿ' ಅನುಪಾತ ಮಾಪಕ, ಏಕೆಂದರೆ ಸೊನ್ನೆ ದಿನ ಎಂದರೆ ನಿಜಕ್ಕೂ ಸೊನ್ನೆ ದಿನ.

ರೈತರು ದಿನಾಂಕ ಹೇಳದೆ 'ಆರಿದ್ರಾ ಮಳೆಗೆ ಬಿತ್ತಿದ್ದು' ಎಂದರೆ? ನೋಡಲು ಹೆಸರು, ಹಾಗಾಗಿ ನಾಮಸೂಚಕ ಎಂದು ಬರೆದುಬಿಡುವ ಆತುರವಾಗುತ್ತದೆ. ಆದರೆ ಮುಂಗಾರಿನೊಳಗೆ ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ ಎಂಬ ಸಾಲು ತಪ್ಪುವುದಿಲ್ಲ. ಅದು ಕ್ರಮಸೂಚಕ. ವರ್ಷವನ್ನು 27 ಭಾಗ ಮಾಡಿದ ಮಳೆ ನಕ್ಷತ್ರಗಳು ಒಂದೊಂದೂ ಹದಿಮೂರು ಹದಿನಾಲ್ಕು ದಿನದವು, ಮೆಟ್ಟಿಲುಗಳೂ ಹೆಚ್ಚುಕಡಿಮೆ ಸಮ. ಪಂಚಾಂಗ ನೋಡಿ ನಡುವಿನ ದಿನಾಂಕ ಹಾಕಿಕೊಂಡು ಅಂತರ ಮಾಪಕದಂತೆ ಬಳಸಿದರೆ ದೊಡ್ಡ ಅಪಚಾರವೇನಿಲ್ಲ. ಹಾಗೆ ಮಾಡಿದ್ದೀರಿ ಎಂದು ವರದಿಯಲ್ಲಿ ಬರೆಯಿರಿ, ಸಾಕು.

ರಸಸಾರ, ಅಂದರೆ ಪಿಎಚ್, ಇನ್ನೂ ಸೂಕ್ಷ್ಮ. ಅದು ಹೈಡ್ರೋಜನ್ ಅಯಾನುಗಳ ಪ್ರಮಾಣದ ಋಣ ಲಘುಗಣಕ. ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ. ಹಾಗಾಗಿ 4 ಇರುವ ಮಣ್ಣು 8 ಇರುವುದಕ್ಕಿಂತ ಎರಡು ಪಟ್ಟು ಅಲ್ಲ, ಹತ್ತು ಸಾವಿರ ಪಟ್ಟು ಆಮ್ಲೀಯ. ಸೊನ್ನೆಯೂ 'ಆಮ್ಲವಿಲ್ಲ' ಎಂದು ಹೇಳುವುದಿಲ್ಲ, ಅದಕ್ಕೆ ತದ್ವಿರುದ್ಧ. ಪಟ್ಟಿಯಲ್ಲಿ ಅಂತರ ಮಾಪಕ ಎಂದು ಬರೆಯಿರಿ, 'ಇಷ್ಟು ಪಟ್ಟು' ಎಂಬ ಮಾತನ್ನು ರಸಸಾರದ ಅಂಕಿಗಳನ್ನೇ ಭಾಗಿಸಿ ಆಡಬೇಡಿ.

ಕ್ರಮಸೂಚಕಕ್ಕೆ ಸರಾಸರಿ ಏಕೆ ಅಪಾಯ

ಕಡಿಮೆ 1, ಮಧ್ಯಮ 2, ಅಧಿಕ 3 ಎಂದು ಕೋಡ್ ಕೊಟ್ಟಿದ್ದೀರಿ. ಮೇಲಿನ ಕೇರಿಯ ಹತ್ತೂ ಜಮೀನು ಮಧ್ಯಮ, ಸರಾಸರಿ 2. ಕೆಳಗಿನ ಕೇರಿಯಲ್ಲಿ ಆರು ಕಡಿಮೆ, ನಾಲ್ಕು ಅಧಿಕ, ಸರಾಸರಿ 1.8. ಮೇಲಿನ ಕೇರಿಯ ಮಣ್ಣು ಮೇಲು ಎಂದಾಯಿತು. ಈಗ ಇನ್ನೊಬ್ಬರು ಅದೇ ವರ್ಗಗಳಿಗೆ 1, 2, 5 ಎಂದು ಕೋಡ್ ಕೊಡುತ್ತಾರೆ. ಕ್ರಮ ಕೆಟ್ಟಿಲ್ಲ, ಆದ್ದರಿಂದ ಅವರದೂ ತಪ್ಪಲ್ಲ. ಮೇಲಿನ ಕೇರಿ ಈಗಲೂ 2, ಕೆಳಗಿನ ಕೇರಿ 2.6. ತೀರ್ಪು ತಲೆಕೆಳಗಾಯಿತು. ಮಧ್ಯಾಂಕ, ಅಂದರೆ ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಬೆಲೆ, ತೆಗೆದರೆ ಎರಡು ಕೋಡಿನಲ್ಲೂ ಮೇಲಿನ ಕೇರಿ 'ಮಧ್ಯಮ', ಕೆಳಗಿನದು 'ಕಡಿಮೆ'. ಕೋಡಿಗೆ ತಕ್ಕಂತೆ ಕುಣಿಯದ ಲೆಕ್ಕ ಬೇಕಾದರೆ ಮಧ್ಯಾಂಕವೇ ಗತಿ.

ಅಭಿಪ್ರಾಯದ ಐದು ಹಂತಗಳಿಗೂ ('ಸ್ವಲ್ಪವೂ ತೃಪ್ತಿಯಿಲ್ಲ' ದಿಂದ 'ಪೂರ್ಣ ತೃಪ್ತಿ' ವರೆಗೆ) ಇದೇ ನಿಯಮ. ಈ ಬಗೆಯ ಪ್ರಶ್ನಾವಳಿಗೆ 1932ರಲ್ಲಿ ದಾರಿ ಹಾಕಿದವರು ರೆನ್ಸಿಸ್ ಲೈಕರ್ಟ್. ಆದರೆ ಇಲ್ಲಿ ವಿದ್ವಾಂಸರಲ್ಲೇ ಒಮ್ಮತವಿಲ್ಲ. ತಾವು ಎಲ್ಲಿಂದ ಬಂದೆವು ಎಂಬುದು ಅಂಕಿಗಳಿಗೇನು ಗೊತ್ತು ಎಂಬ ಧಾಟಿಯಲ್ಲಿ ಫ್ರೆಡರಿಕ್ ಲಾರ್ಡ್ 1953ರಲ್ಲೇ ಸ್ಟೀವನ್ಸ್ ಅವರ ಕಟ್ಟುಪಾಡನ್ನು ಕೆಣಕಿದ್ದರು. ನಡುದಾರಿ ಹೀಗಿದೆ: ಒಂದೇ ಪ್ರಶ್ನೆಯಿದ್ದರೆ ಶೇಕಡಾ ಮತ್ತು ಮಧ್ಯಾಂಕ ಕೊಡಿ. ಒಂದೇ ವಿಷಯದ ಎಂಟು ಹತ್ತು ಪ್ರಶ್ನೆಗಳ ಅಂಕ ಕೂಡಿಸಿ ಬಂದ ಮೊತ್ತವಾದರೆ ಅಂತರ ಮಾಪಕದಂತೆ ಬಳಸುವ ರೂಢಿಯಿದೆ, ಬಳಸಬಹುದು. ಒಂದೇ ಪ್ರಶ್ನೆಯ ಸರಾಸರಿ 3.47 ಎಂದು ಎರಡು ದಶಮಾಂಶದವರೆಗೆ ಬರೆಯುವುದು ಮಾತ್ರ ಇಲ್ಲದ ನಿಖರತೆಯ ಡೌಲು.

ಕ್ರಮ ಇದ್ದಂತೆ ಕಂಡು ಕೈಕೊಡುವ ಪಟ್ಟಿಗಳೂ ಇವೆ. ಕಾಫಿ ಬೀಜದ ಎಎ, ಎ, ಬಿ, ಸಿ ದರ್ಜೆಗಳು ಜರಡಿಯ ಗಾತ್ರದ ಮೇಲೆ ನಿಂತವು, ಕ್ರಮಸೂಚಕ ಸರಿ. ಅದೇ ಪಟ್ಟಿಯಲ್ಲಿ ಬರುವ ಪಿಬಿ ಎಂದರೆ ಹಣ್ಣಿನಲ್ಲಿ ಒಂದೇ ಬೀಜ ಕಟ್ಟಿ ದುಂಡಗಾದದ್ದು. ಅದು ಆಕಾರದ ಗುರುತು, ಈ ಏಣಿಯಲ್ಲಿ ಅದಕ್ಕೆ ಮೆಟ್ಟಿಲಿಲ್ಲ. ಪಿಬಿಗೆ ಬೇರೆ ಕಾಲಂ ಕೊಡಿ.

ಹಂತ 5: ಮಟ್ಟಕ್ಕೆ ತಕ್ಕ ಲೆಕ್ಕ

ನಾಮಸೂಚಕಕ್ಕೆ ಆವೃತ್ತಿ, ಶೇಕಡಾ, ಬಹುಲಕ (ಅತಿ ಹೆಚ್ಚು ಸಲ ಬಂದ ಬೆಲೆ). ಎರಡು ನಾಮಸೂಚಕಗಳ ನಂಟು ನೋಡಲು ಕೈ-ವರ್ಗ ಪರೀಕ್ಷೆ. ಎರಡೇ ವರ್ಗವಿದ್ದು 0 ಮತ್ತು 1 ಎಂದು ಕೋಡ್ ಕೊಟ್ಟಿದ್ದರೆ ಸರಾಸರಿಗೂ ಅರ್ಥವಿದೆ: ಬೆಳೆ ವಿಮೆ ಇದೆ 1, ಇಲ್ಲ 0 ಎಂದಾಗ ಸರಾಸರಿ 0.4 ಬಂದರೆ ಶೇ. 40 ಮಂದಿಗೆ ವಿಮೆಯಿದೆ. 1 ಮತ್ತು 2 ಎಂದು ಕೊಟ್ಟರೆ ಈ ಅನುಕೂಲ ತಪ್ಪುತ್ತದೆ.

ಕ್ರಮಸೂಚಕಕ್ಕೆ ಮೇಲಿನವುಗಳ ಜೊತೆ ಮಧ್ಯಾಂಕ, ಚತುರ್ಥಕಗಳು, ಸ್ಪಿಯರ್‌ಮನ್ ಸಹಸಂಬಂಧ. ಅಂತರ ಮಾಪಕಕ್ಕೆ ಸರಾಸರಿ, ಮಾನಕ ವಿಚಲನೆ (ಬೆಲೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ), ಪಿಯರ್ಸನ್ ಸಹಸಂಬಂಧ, ಟಿ-ಪರೀಕ್ಷೆ. ಅನುಪಾತ ಮಾಪಕಕ್ಕೆ ಇವೆಲ್ಲದರ ಜೊತೆ ಗುಣೋತ್ತರ ಸರಾಸರಿ ಮತ್ತು ವಿಚಲನ ಗುಣಾಂಕ (ಮಾನಕ ವಿಚಲನೆಯನ್ನು ಸರಾಸರಿಯಿಂದ ಭಾಗಿಸಿದ್ದು).

ಕೊನೆಯದನ್ನು ಅಂತರ ಮಾಪಕಕ್ಕೆ ಹಚ್ಚುವ ತಪ್ಪು ಎಷ್ಟೋ ಸಲ ಕಣ್ಣಿಗೆ ಬೀಳುವುದೇ ಇಲ್ಲ. ಸರಾಸರಿ ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್, ಮಾನಕ ವಿಚಲನೆ 5 ಇದ್ದರೆ ವಿಚಲನ ಗುಣಾಂಕ ಶೇ. 20. ಅದೇ ದತ್ತಾಂಶ ಫ್ಯಾರನ್‌ಹೀಟ್‌ನಲ್ಲಿ 77 ಮತ್ತು 9, ಗುಣಾಂಕ ಶೇ. 11.7. ಒಂದೇ ಹವೆಗೆ ಎರಡು ಚಂಚಲತೆ!

ಗಾಳಿಯ ದಿಕ್ಕು, ಗಡಿಯಾರದ ಹೊತ್ತು ಈ ನಾಲ್ಕು ಮಟ್ಟಗಳಲ್ಲಿ ಸುಲಭವಾಗಿ ಕೂರುವುದಿಲ್ಲ. ರಾತ್ರಿ 11 ಮತ್ತು ಬೆಳಗಿನ ಜಾವ 1ರ ಸರಾಸರಿಯನ್ನು 23 ಮತ್ತು 1 ಎಂದು ಲೆಕ್ಕ ಹಾಕಿದರೆ ಮಧ್ಯಾಹ್ನ 12 ಬರುತ್ತದೆ, ಬರಬೇಕಾದದ್ದು ಮಧ್ಯರಾತ್ರಿ. ಸುತ್ತಿ ಬರುವ ಅಳತೆಗೆ ಬೇರೆ ಸೂತ್ರಗಳಿವೆ, ಆರಂಭದ ತರಗತಿಯಲ್ಲಿ 'ಇದಕ್ಕೆ ಸಾಮಾನ್ಯ ಸರಾಸರಿ ಸಲ್ಲದು' ಎಂದು ಗುರುತಿಸಿದರೆ ಸಾಕು.

ಹಂತ 6: ಬರೆದುಕೊಳ್ಳುವಾಗ ಮೇಲಿನ ಮಟ್ಟದಲ್ಲೇ ಬರೆಯಿರಿ

ಮಟ್ಟ ಎಂಬುದು ವಸ್ತುವಿಗೆ ಅಂಟಿದ್ದಲ್ಲ, ನೀವು ದಾಖಲಿಸಿದ ರೀತಿಗೆ ಅಂಟಿದ್ದು. ಒಂದೇ ದಿನದ ಮಳೆಯನ್ನು 'ಬಂತು, ಇಲ್ಲ' ಎಂದರೆ ನಾಮಸೂಚಕ. 'ಹಗುರ, ಸಾಧಾರಣ, ಭಾರಿ' ಎಂದರೆ ಕ್ರಮಸೂಚಕ. ಮಿಲಿಮೀಟರ್‌ನಲ್ಲಿ ಬರೆದರೆ ಅನುಪಾತ. ಭಾರತೀಯ ಹವಾಮಾನ ಇಲಾಖೆಯ ಪ್ರಕಾರ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಭಾರಿ ಮಳೆ. ಮಿಲಿಮೀಟರ್ ಇದ್ದರೆ ವರ್ಗವನ್ನು ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು. ಬರೀ 'ಭಾರಿ' ಎಂದು ಬರೆದಿದ್ದರೆ ಅದು 65ವೋ 115ವೋ ಎಂದು ತಿಳಿಯಲು ದಾರಿಯಿಲ್ಲ. ಆದ್ದರಿಂದ ವಯಸ್ಸನ್ನು '30–40' ಎಂದು ಕೇಳುವ ಬದಲು ವರ್ಷದಲ್ಲೇ ಕೇಳಿ. ಆದಾಯದಂಥ ಸಂಕೋಚದ ಪ್ರಶ್ನೆ ಇದಕ್ಕೆ ಹೊರತು. ಅಲ್ಲಿ ನಿಖರ ಅಂಕಿ ಕೇಳಿದರೆ ಸುಳ್ಳು ಅಂಕಿ ಸಿಗುತ್ತದೆ, ವರ್ಗ ಕೇಳುವುದೇ ಜಾಣತನ.

ಹಂತ 7: ತಂತ್ರಾಂಶಕ್ಕೆ ತಿಳಿಸಿ, ಕೋಡ್ ಪಟ್ಟಿ ಇಡಿ

ಅಂಕಿಅಂಶ ತಂತ್ರಾಂಶವಾದ ಎಸ್‌ಪಿಎಸ್‌ಎಸ್‌ನಲ್ಲಿ 'ವೇರಿಯಬಲ್ ವ್ಯೂ'ಗೆ ಹೋಗಿ 'ಮೆಷರ್' ಕಾಲಂನಲ್ಲಿ ಮಟ್ಟ ಆರಿಸಿ. ಅಲ್ಲಿ ಮೂರೇ ಆಯ್ಕೆ: ನಾಮಿನಲ್, ಆರ್ಡಿನಲ್, ಸ್ಕೇಲ್. ಅಂತರ ಮತ್ತು ಅನುಪಾತ ಎರಡನ್ನೂ ಅದು 'ಸ್ಕೇಲ್' ಎನ್ನುತ್ತದೆ, ವ್ಯತ್ಯಾಸ ನೆನಪಿಡುವ ಹೊಣೆ ನಿಮ್ಮದು.

ಅಂಕಿಅಂಶಕ್ಕೆ ಬಳಸುವ ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ವರ್ಗಗಳನ್ನು 'ಫ್ಯಾಕ್ಟರ್' ಮಾಡುತ್ತೀರಿ. ಕ್ರಮ ಹೇಳದಿದ್ದರೆ ಅದು ಅಕ್ಷರಮಾಲೆಯಂತೆ ಜೋಡಿಸುತ್ತದೆ: ಅಧಿಕ, ಕಡಿಮೆ, ಮಧ್ಯಮ. ನಡುವೆ 'ಕಡಿಮೆ' ಬಂದು ಕೂತಿತು, ನಕ್ಷೆಯೂ ಮಧ್ಯಾಂಕವೂ ಕೆಟ್ಟವು. 'ಲೆವೆಲ್ಸ್' ಜಾಗದಲ್ಲಿ ಕಡಿಮೆ, ಮಧ್ಯಮ, ಅಧಿಕ ಎಂದು ನೀವೇ ಬರೆದು 'ಆರ್ಡರ್ಡ್' ಎಂದು ಹೇಳಿ. ಅಂಕಿಗಳೇ ಫ್ಯಾಕ್ಟರ್ ಆಗಿಬಿಟ್ಟಿದ್ದರೆ ನೇರವಾಗಿ ಸಂಖ್ಯೆಗೆ ಮರಳಿಸಬೇಡಿ, ಮೂಲ ಬೆಲೆಯ ಬದಲು 1, 2, 3 ಎಂಬ ಒಳಗಿನ ಕೋಡ್ ಸಿಗುತ್ತದೆ. ಮೊದಲು ಅಕ್ಷರಕ್ಕೆ, ಆಮೇಲೆ ಸಂಖ್ಯೆಗೆ ತನ್ನಿ.

ಜೊತೆಗೆ ಒಂದು ಕಾಗದದಲ್ಲಿ ಪ್ರತಿ ಕಾಲಂನ ಹೆಸರು, ಮಾನ, ಮಟ್ಟ, ಕೋಡುಗಳ ಅರ್ಥ, ಉತ್ತರ ಸಿಗದಾಗ ಬರೆದ ಗುರುತು ಇಷ್ಟನ್ನು ನಮೂದಿಸಿ. ಕೊನೆಯದನ್ನು ಮರೆಯುವವರೇ ಹೆಚ್ಚು. ಒಂಬತ್ತು ಮಂದಿಯ ಸರಾಸರಿ ವಯಸ್ಸು 40, ಹತ್ತನೆಯವರು ಹೇಳಲಿಲ್ಲವೆಂದು 999 ಬರೆದಿದ್ದೀರಿ, ಸರಾಸರಿ 135.9 ಆಗುತ್ತದೆ. ಅಷ್ಟು ದೊಡ್ಡದು ಬಂದರೆ ಹೇಗೋ ಕಣ್ಣಿಗೆ ಬಿದ್ದೀತು. ಗೊತ್ತಿಲ್ಲ ಎನ್ನುವುದಕ್ಕೆ 0 ಬರೆದಿದ್ದರೆ ಸರಾಸರಿ 36ಕ್ಕೆ ಇಳಿಯುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಇಳುವರಿಯ ಕಾಲಂನಲ್ಲಂತೂ ಬೆಳೆ ಪೂರ್ತಿ ಹೋದವರ 0 ಮತ್ತು ಉತ್ತರ ಕೊಡದವರ 0 ಒಂದೇ ಆಗಿ ಕಾಣುತ್ತವೆ. ಉತ್ತರ ಸಿಗದ ಕೋಣೆಯನ್ನು ಖಾಲಿ ಬಿಡಿ, ಏಕೆ ಸಿಗಲಿಲ್ಲ ಎಂಬುದನ್ನು ಪಕ್ಕದ ಕಾಲಂನಲ್ಲಿ ಬರೆಯಿರಿ.